ಬೆಣ್ಣೆ ಕಡೆಯುವ ಮುದುಕಿ

ಪ್ರಿನ್ಸಿಪಾಲ್ ಬದ್ರುನ್ನಿಸಾ ಮೇಡಂ ರಿಯಾದಿಗೆ ಬಂದಿದ್ದ ಅಮೆರಿಕದ ಸಂಗೀತ ನಾಟಕವೊಂದನ್ನು ಮಗಳ ಜೊತೆ ನೋಡಿದ್ದು ಶುಕ್ರವಾರ. ಭಾನುವಾರ ಬೆಳಗ್ಗೆ ಶಾಲೆಯ ಮೊದಲ ಗಂಟೆ ಬಾರಿಸುವುದಕ್ಕೂ ಮುಂಚೆ ಅದರ ಭಾರ ವಾರಿಜಾಳ ತಲೆಯ ಮೇಲೆ ಬಿತ್ತು.

"ಈ ಸಲ ವಾರ್ಷಿಕೋತ್ಸವಕ್ಕೆ ಅಮೆರಿಕನ್ ಮ್ಯೂಸಿಕಲ್ ನಾಟಕಗಳ ನೂರೈವತ್ತು ವರ್ಷಗಳ ಇತಿಹಾಸ," ಎಂದರು ಮೇಡಂ ತಮ್ಮ ಹೈದರಾಬಾದಿ ಹಿಂದಿಯಲ್ಲಿ. "ನಲವತ್ತು ನಿಮಿಷ, ನೂರಿಪ್ಪತ್ತು ಹುಡುಗಿಯರು. ನೀವು ಮಾಡಿಸ್ತೀರಿ."

"ಮೇಡಂ, ನಾನು ಅಂಥ ನಾಟಕ ಒಂದೂ ನೋಡಿದವಳಲ್ಲ."

"ಇಂಟರ್ನೆಟ್ ಇದೆಯಲ್ಲ? ಮತ್ತೆ, ಹಾಡುಗಳನ್ನು ಅಲ್ಲಿಂದ ಎತ್ತಬೇಡಿ. ಅನುಮತಿ, ಗಿನುಮತಿ ಅಂತ ನೂರು ತಲೆನೋವು. ನೀವೇ ಬರೆಯಿರಿ. ಇಂಗ್ಲಿಷ್ ಟೀಚರ್ ಅಲ್ವಾ ನೀವು?"

ವಾರಿಜಾ ಬ್ರಹ್ಮಾವರದ ಕಡೆಯವಳು. ಈ ಇಂಡಿಯನ್ ಶಾಲೆಯ ಹುಡುಗಿಯರ ವಿಭಾಗದಲ್ಲಿ ಹದಿನಾರು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿದ್ದಾಳೆ. ಚಿಕ್ಕಂದಿನಲ್ಲಿ ಯಕ್ಷಗಾನದ ಆಟ ನೋಡಿದ್ದಳು, ತುಳು ನಾಟಕ ನೋಡಿದ್ದಳು. ಅಮೆರಿಕದವರು ಮಾತಾಡುತ್ತಾ ಮಾತಾಡುತ್ತಾ ಹಾಡಲು ಶುರುಮಾಡುವುದು ಯಾಕೆ ಎಂದು ಯೋಚಿಸುವ ಸಂದರ್ಭ ಆಕೆಗೆ ಬಂದಿರಲಿಲ್ಲ. ಆದರೂ "ಆಯ್ತು ಮೇಡಂ" ಎಂದು ಹೊರಗೆ ಬಂದಳು.

"ಆಗೋದಿಲ್ಲ ಅಂತ ಹೇಳ್ಲಿಕ್ಕೆ ಎಂತ ಕಷ್ಟ ನಿಂಗೆ?" ಎಂದ ಮನೆಯಲ್ಲಿ ಗಂಡ ಯೋಗೀಶ್. ಆಸ್ಪತ್ರೆಯೊಂದರಲ್ಲಿ ಯಂತ್ರಗಳನ್ನು ರಿಪೇರಿ ಮಾಡುವವನು ಅವನು. ಅವನ ಪ್ರಕಾರ ಪ್ರತಿ ತೊಂದರೆಗೂ ಒಂದು ಸ್ವಿಚ್ ಇರುತ್ತದೆ. "ಬಸ್ ಡ್ಯೂಟಿ ಕೊಟ್ಟಾಗ ಹೂಂ. ಮ್ಯಾಗಜೀನ್ ಕೊಟ್ಟಾಗ ಹೂಂ. ಈಗ ಅಮೆರಿಕ ಕೊಟ್ರು, ಅದಕ್ಕೂ ಹೂಂ."

"ಹಾಗಾದ್ರೆ ನೀವೇ ಹೋಗಿ ಹೇಳಿ ಬನ್ನಿ."

"ನಾನ್ಯಾಕೆ ಹೇಳ್ಲಿ ಮಾರಾಯ್ತಿ? ನಂಗೆ ಕೊಟ್ಟಿದ್ದಾ ಅವ್ರು?"

ಮೂರು ವಾರ ಕೂತು ವಾರಿಜಾ ಹನ್ನೊಂದು ಪುಟದ ನಿರೂಪಣೆ ಬರೆದಳು. ಇಸವಿಗಳು, ರಂಗಮಂದಿರಗಳು, ಪ್ರದರ್ಶನಗಳ ಸಂಖ್ಯೆ, ಯುದ್ಧಗಳು, ಎಲ್ಲ ಇತ್ತು ಅದರಲ್ಲಿ. ನಡುನಡುವೆ ಸೇರಿಸಲು ಏಳು ಹಾಡುಗಳನ್ನೂ ಬರೆದಳು. ಒಂಬತ್ತನೆಯ ಕ್ಲಾಸಿನ ಮೋನಿಷಾ ಕೀಬೋರ್ಡಿನಲ್ಲಿ ಅವಕ್ಕೆ ರಾಗ ಹಾಕಿದಳು. ಹುಡುಗಿಗೆ ನಿಜವಾಗಿ ಕಿವಿ ಇತ್ತು. ಇಡೀ ಕೆಲಸದಲ್ಲಿ ವಾರಿಜಾಳಿಗೆ ತಲೆಬಿಸಿ ಕೊಡದೆ ಇದ್ದದ್ದು ಅವಳೊಬ್ಬಳೇ.

ಮೊದಲ ರಿಹರ್ಸಲ್ ಶಾಲೆಯ ಆಡಿಟೋರಿಯಂನಲ್ಲಿ. ವೇದಿಕೆಯ ಒಂದು ಮೂಲೆಯಲ್ಲಿ ಶಾಲೆಯ ಬಡಗಿ ಮೊಹಿದ್ದೀನ್ ಸಡಿಲಾದ ಹಲಗೆಗಳಿಗೆ ಮೊಳೆ ಹೊಡೆಯುತ್ತಿದ್ದರು. ಉಪ್ಪಿನಂಗಡಿಯವರು. ಅರವತ್ತು ದಾಟಿದೆ. ರಿಯಾದಿನ ಬತ್ಹಾ ಪೇಟೆಯ ರೂಮೊಂದರಲ್ಲಿ ಊರಿನ ನಾಲ್ವರ ಜೊತೆ ವಾಸ. ಅವರು ಶಾಲೆಗೆ ಬಂದು ಮೂರು ವರ್ಷವಾಗಿದ್ದರೂ ವಾರಿಜಾ ಅವರೊಡನೆ ಆಡಿದ ಮಾತು ಒಂದೇ: ಕ್ಲಾಸಿನ ಬಾಗಿಲು ಕಿರುಗುಟ್ಟುತ್ತದೆ ಎಂದು.

ವಾರಿಜಾ ಮೈಕಿನ ಮುಂದೆ ನಿಂತು ಮೊದಲ ಎರಡು ಪುಟ ಓದಿದಳು. ಸುತ್ತಿಗೆಯ ಸದ್ದು ನಿಂತಿತು.

"ಟೀಚರೇ, ಅದು ಹಾಗಲ್ಲ."

"ಎಂತದು ಹಾಗಲ್ಲ?"

"ನೀವು ಈಗ ಓದಿದ್ದು. ಇಸವಿ ಸರಿ ಉಂಟು. ಸಾವಿರದ ಎಂಟುನೂರ ಅರವತ್ತಾರು. ಆದ್ರೆ ಕಥೆ ಬಿಟ್ಟಿದ್ದೀರಿ." ಮೊಹಿದ್ದೀನ್ ಬಾಯಲ್ಲಿ ಕಚ್ಚಿದ್ದ ಎರಡು ಮೊಳೆಗಳನ್ನು ತೆಗೆದು ಜೇಬಿಗೆ ಹಾಕಿಕೊಂಡರು. "ಪ್ಯಾರಿಸಿಂದ ಡಾನ್ಸಿನ ಹೆಣ್ಮಕ್ಕಳು ಹಡಗಲ್ಲಿ ನ್ಯೂಯಾರ್ಕಿಗೆ ಬಂದ್ರು. ಬಂದು ನೋಡಿದ್ರೆ ಅವ್ರು ಕುಣೀಬೇಕಾದ ಥಿಯೇಟರೇ ಸುಟ್ಟು ಹೋಗಿದೆ. ಇನ್ನೊಂದು ಥಿಯೇಟರಲ್ಲಿ ಮಂತ್ರವಾದಿದೊಂದು ನಾಟಕ ತಯಾರಾಗ್ತಾ ಇತ್ತು. ಅಲ್ಲಿನ ಯಜಮಾನ ಈ ಮಕ್ಕಳನ್ನು ಅದರೊಳಗೆ ಸೇರಿಸಿಬಿಟ್ಟ. ಐದೂವರೆ ಗಂಟೆಯ ನಾಟಕ, ಜನ ಎದ್ದು ಹೋಗ್ಲೇ ಇಲ್ಲ. ಅಲ್ಲಿಂದ ಈ ಮ್ಯೂಸಿಕಲ್ ಶುರು ಅಂತ ಹೇಳ್ತಾರೆ. ಅಲ್ಲ ಅಂತ ಹೇಳುವವ್ರೂ ಇದ್ದಾರೆ."

ನೂರಿಪ್ಪತ್ತು ಹುಡುಗಿಯರು ಒಮ್ಮೆ ಬಡಗಿಯನ್ನು, ಒಮ್ಮೆ ಟೀಚರನ್ನು ನೋಡಿದರು. ವಾರಿಜಾಳ ಕಿವಿ ಬಿಸಿಯಾಯಿತು.

"ನಿಮಗೆ ಇದೆಲ್ಲ ಯಾರು ಹೇಳಿದ್ದು?"

"ರೂತ್ ಮೇಡಂ."

ರೂತ್ ಮೇಡಂ ಯಾರು ಎಂಬುದು ಆ ಸಂಜೆ ಬಸ್ಸಿಗೆ ಕಾಯುವಾಗ ತಿಳಿಯಿತು. ಮೊಹಿದ್ದೀನ್ ಮೊದಲು ದಹ್ರಾನಿನಲ್ಲಿದ್ದರು, ಇಪ್ಪತ್ತಾರು ವರ್ಷ. ಎಣ್ಣೆ ಕಂಪೆನಿಯವರು ವಾಸಿಸುವ ಕಾಂಪೌಂಡಿನೊಳಗೆ ಒಬ್ಬ ಕಂಟ್ರಾಕ್ಟರನ ಕೆಳಗೆ ಬಡಗಿ. ಗೇಟಿನ ಹೊರಗೆ ನಾಟಕ ಎಂಬ ಮಾತೇ ಇಲ್ಲದ ಕಾಲದಲ್ಲಿ ಗೇಟಿನ ಒಳಗೆ ಅಮೆರಿಕನ್ ಕುಟುಂಬಗಳು ವರ್ಷಕ್ಕೆರಡು ಸಂಗೀತ ನಾಟಕ ಆಡುತ್ತಿದ್ದವು. ಇಂಜಿನಿಯರೊಬ್ಬನ ಹೆಂಡತಿ ರೂತ್ ಅದರ ನಿರ್ದೇಶಕಿ. ಪ್ರಾಯದಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ಹಿಂದಿನ ಸಾಲಿನಲ್ಲಿ ಕುಣಿದವಳು. ಮೊಹಿದ್ದೀನ್ ಸೆಟ್ಟು ಕಟ್ಟುತ್ತಿದ್ದರು, ಆಕೆ ಪಕ್ಕದಲ್ಲಿ ಕೂತು ಒಂದೇ ಸಮನೆ ಮಾತಾಡುತ್ತಿದ್ದಳು.

"ನನಗೆ ಇಂಗ್ಲಿಷ್ ಬಂದದ್ದೇ ಹಾಗೆ," ಎಂದರು ಮೊಹಿದ್ದೀನ್.

ಹಿರಿಯರ ಹೆಸರಿಗೆ 'ಆಕ' ಸೇರಿಸುವ ಊರಿನ ರೂಢಿಯಂತೆ ವಾರಿಜಾ ಅವರನ್ನು ಮೊಹಿದ್ದೀನಾಕ ಎಂದು ಕರೆಯತೊಡಗಿದಳು. ಹೆಚ್ಚುಕಮ್ಮಿ ಅದೇ ದಿನದಿಂದ ಅವರ ಮೇಲೆ ರೇಗತೊಡಗಿದಳು.

ಏಕೆಂದರೆ ಆ ಮನುಷ್ಯನ ಬಳಿ ಎಲ್ಲಕ್ಕೂ ಒಂದು ನಿಯಮ ಇತ್ತು. ವ್ಯಾಯಾಮದ ಟೀಚರ್ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಲು ಸೀಟಿ ಊದಿದರೆ ಮೊಹಿದ್ದೀನಾಕ ಏಣಿಯಿಂದ ಇಳಿದು ಓಡಿ ಬರುತ್ತಿದ್ದರು. ರಂಗದ ಮೇಲೆ ಸೀಟಿ ಹಾಕಬಾರದು. ಹಿಂದಿನ ಕಾಲದಲ್ಲಿ ಪರದೆಯ ಹಗ್ಗ ಎಳೆಯುತ್ತಿದ್ದವರು ಹಡಗಿನ ಖಲಾಸಿಗಳು. ಎಳೆ, ಬಿಡು ಎನ್ನುವುದಕ್ಕೆಲ್ಲ ಸೀಟಿಯೇ ಸನ್ನೆ. ಗೊತ್ತಿಲ್ಲದೆ ಯಾರೋ ಸೀಟಿ ಹಾಕಿದರೆ ಮೇಲಿಂದ ತೊಲೆಯೇ ತಲೆಯ ಮೇಲೆ ಇಳಿಯುತ್ತಿತ್ತಂತೆ.

"ಇಲ್ಲಿ ಖಲಾಸಿ ಯಾರಿದ್ದಾರೆ ಮೊಹಿದ್ದೀನಾಕ? ಪರದೆಗೆ ಇರುವುದು ಒಂದು ಹಗ್ಗ. ಎಳೆಯುವವ್ರು ನೀವು."

"ಅದಕ್ಕೇ ಹೇಳಿದ್ದು. ನಾನು ಹೆದರ್ತೇನೆ."

ರಂಗದ ಮೇಲೆ ಯಾರೂ ಇಲ್ಲದಾಗ ಒಂದು ದೀಪ ಉರಿಯುತ್ತಲೇ ಇರಬೇಕು ಎಂದು ಕಬ್ಬಿಣದ ಕಾಲಿಗೆ ಬಲ್ಬು ಸಿಕ್ಕಿಸಿ ನಡುವೆ ಇಟ್ಟರು. ವಾಚ್‌ಮನ್ ದಿನಾ ಆರಿಸುತ್ತಿದ್ದ. ಇವರು ದಿನಾ ಬೆಳಗ್ಗೆ ಬಂದು ಅವನೊಡನೆ ಜಗಳವಾಡುತ್ತಿದ್ದರು. ಅವನು ವಿದ್ಯುತ್ ಪೋಲಾಗುತ್ತದೆ ಎಂದು ವಾರಿಜಾಳಿಗೆ ದೂರು ಕೊಡುತ್ತಿದ್ದ. ಯಾರೂ "ಆಲ್ ದ ಬೆಸ್ಟ್" ಹೇಳಬಾರದು, ಅದು ಅಪಶಕುನ, ಕಾಲು ಮುರಿಯಲಿ ಎಂದು ಹಾರೈಸಬೇಕು ಎಂದು ಮಕ್ಕಳಿಗೆ ಕಲಿಸಿದರು. ಆರನೆಯ ಕ್ಲಾಸಿನ ಹುಡುಗಿಯೊಬ್ಬಳು ಮನೆಗೆ ಹೋಗಿ ಅಜ್ಜಿಗೆ ಫೋನಿನಲ್ಲಿ ಹಾಗೆಯೇ ಹಾರೈಸಿದಳು. ಅಜ್ಜಿಗೆ ಮರುದಿನ ಮಂಡಿಯ ಆಪರೇಷನ್ ಇತ್ತು. ಆ ಹುಡುಗಿಯ ತಂದೆ ಶಾಲೆಗೆ ಬಂದು ಅರ್ಧ ಗಂಟೆ ಕೂಗಾಡಿದ್ದನ್ನು ಕೇಳಿಸಿಕೊಂಡವಳು ವಾರಿಜಾ.

"ನೋಡಿ ಮೊಹಿದ್ದೀನಾಕ," ಎಂದಳು ಅಂದು, ಕೈಯಲ್ಲಿದ್ದ ಫೈಲನ್ನು ಮೇಜಿನ ಮೇಲೆ ಕುಕ್ಕಿ, "ನಿಮ್ಮ ಕೆಲಸ ಮರದ್ದು. ಮರದ್ದು ಮಾತ್ರ ಮಾಡಿ. ನನಗೆ ಕೈಮುಗಿದು ಹೇಳುವಷ್ಟು ಸಾಕಾಗಿದೆ."

ಅವರು ಸುಮ್ಮನೆ ತಲೆಯಾಡಿಸಿದರು. ಆಮೇಲೆ, "ಸಾವಿರದ ಒಂಬೈನೂರ ನಲವತ್ಮೂರನೇ ಇಸವಿಯದ್ದು ಎಂತ ಮಾಡ್ತೀರಿ ಟೀಚರೇ?" ಎಂದು ಕೇಳಿದರು.

"ಬರ್ದಿದ್ದೇನೆ. ಏಳನೇ ಪುಟ."

"ಬರ್ದದ್ದು ಅಲ್ಲ. ಜನ ನೋಡುವುದೆಂತದ್ದು?"

ಮೊಹಿದ್ದೀನಾಕ ನೆಲದ ಮೇಲೆ ಕೂತು, ಅವಸರವಿಲ್ಲದೆ ಹೇಳಿದರು. ಅಲ್ಲಿಯವರೆಗೆ ಅಮೆರಿಕದ ಅಂಥ ನಾಟಕ ಎಂದರೆ ಪರದೆ ಎದ್ದ ಕೂಡಲೇ ಸಾಲುಸಾಲು ಹುಡುಗಿಯರು, ಕಾಲೆತ್ತಿ ಕುಣಿತ, ಗಲಾಟೆ. ಜನ ಬರುವುದೇ ಅದಕ್ಕೆ. ಆ ವರ್ಷ ಒಂದು ನಾಟಕದ ಪರದೆ ಎದ್ದಿತು. ನೋಡಿದರೆ ಒಬ್ಬಳೂ ಕುಣಿಯುವವಳಿಲ್ಲ. ಹಳ್ಳಿಯ ಮನೆಯಂಗಳದಲ್ಲಿ ವಯಸ್ಸಾದ ಹೆಂಗಸೊಬ್ಬಳು ಒಬ್ಬಳೇ ಕೂತು ಬೆಣ್ಣೆ ಕಡೆಯುತ್ತಿದ್ದಾಳೆ, ಅಷ್ಟೇ. ಜನ ಕಾದರು. ಆಮೇಲೆ ಎಲ್ಲಿಂದಲೋ, ಒಳಗಿನಿಂದ, ಕಾಣದವನೊಬ್ಬನ ಹಾಡು ಕೇಳಿಸಿತು.

"ರೂತ್ ಮೇಡಂ ಹೇಳ್ತಿದ್ರು, ಆ ದಿನದಿಂದ ಎಲ್ಲ ಬದಲಾಯ್ತು ಅಂತ. ಪುಟ ಓದಿದ್ರೆ ಅದು ಗೊತ್ತಾಗೂದಿಲ್ಲ. ಕೂತು ಕಡೀಬೇಕು."

ವಾರಿಜಾಳಿಗೆ ಸಿಟ್ಟು ಬಂದದ್ದು ಅವರು ಹೇಳಿದ್ದು ಸರಿ ಎಂಬುದಕ್ಕೆ. ಏಳನೆಯ ಪುಟದಲ್ಲಿ ಅವಳು ಇದೇ ವಿಷಯವನ್ನು ಇನ್ನೂರು ಶಬ್ದಗಳಲ್ಲಿ ಬರೆದಿದ್ದಳು. ಅದನ್ನು ಓದುವಾಗ ಮಕ್ಕಳು ಆಕಳಿಸಿದ್ದೂ ಅವಳಿಗೆ ಗೊತ್ತಿತ್ತು.

ಮುದುಕಿಯ ಪಾತ್ರವನ್ನು ಹತ್ತನೆಯ ಕ್ಲಾಸಿನ ಅಸೀಲಾಳಿಗೆ ಕೊಟ್ಟಳು. ಭಟ್ಕಳದ ಕಡೆಯ ಹುಡುಗಿ. ಮಾತು ಕಮ್ಮಿ, ಕೂತರೆ ಕೂತ ಹಾಗೆಯೇ ಇರಬಲ್ಲವಳು. ಕಡೆಗೋಲನ್ನು ಊರಿನಂತೆ ಹಗ್ಗ ಸುತ್ತಿ ಎಳೆಯುವುದೆಂದು ವಾರಿಜಾ ಹೇಳಿದರೆ, ಅಲ್ಲ, ಅಮೆರಿಕದಲ್ಲಿ ಉದ್ದನೆಯ ಮರದ ಪೀಪಾಯಿ, ಅದರೊಳಗೆ ಕೋಲು ಮೇಲೆ ಕೆಳಗೆ ಆಗಬೇಕು ಎಂದು ಮೊಹಿದ್ದೀನಾಕ ಪಟ್ಟುಹಿಡಿದರು. ನಾಲ್ಕು ದಿನ ಕೂತು ಮಾಡಿಯೂ ಬಿಟ್ಟರು. ಅದರೊಳಗೆ ಮುಕ್ಕಾಲು ಭಾಗ ನೀರು ತುಂಬಿಸಿದರು. ಅಸೀಲಾ ಎರಡು ನಿಮಿಷ ಕಡೆದು, "ಮಿಸ್, ಟೂ ಹೆವಿ," ಎಂದು ಭುಜ ಹಿಡಿದುಕೊಂಡಳು.

"ನೀರು ತೆಗೀರಿ ಮೊಹಿದ್ದೀನಾಕ. ಸುಮ್ಮನೆ ಕೈ ಆಡಿಸಿದ್ರೆ ಸಾಲದಾ? ಯಾರಿಗೆ ಕಾಣ್ತದೆ?"

"ಹಗುರ ಇದ್ರೆ ಮಗು ಆಕ್ಟ್ ಮಾಡ್ತದೆ ಟೀಚರೇ. ಭಾರ ಇದ್ರೆ ಕೆಲಸ ಮಾಡ್ತದೆ."

ಎರಡು ಕೊಡ ಕಮ್ಮಿ ಮಾಡಿಸುವುದಕ್ಕೆ ವಾರಿಜಾ ಇಪ್ಪತ್ತು ನಿಮಿಷ ವಾದ ಮಾಡಬೇಕಾಯಿತು.

ಅದಾಗಿ ಮೂರನೆಯ ದಿನ ಅಸೀಲಾಳ ತಾಯಿ ಹಸ್ನಾ ಬಂದರು. ಪೋಷಕರ ಸಮಿತಿಯ ಸದಸ್ಯೆ. ಕೂರಲು ಹೇಳಿದರೂ ಕೂರಲಿಲ್ಲ.

"ಟೀಚರ್, ನನ್ನ ಮಗಳು ಇಂಟರ್‌ಸ್ಕೂಲ್ ಹಾಡಿನಲ್ಲಿ ಫಸ್ಟ್ ಬಂದವಳು. ಅವಳಿಗೆ ಹಾಡಿಲ್ಲ, ಮಾತಿಲ್ಲ. ಅಜ್ಜಿ ಹಾಗೆ ಕೂತು ಬೆಣ್ಣೆ ಕಡೀಲಿಕ್ಕಾ ನಾವು ಅವಳನ್ನು ಶಾಲೆಗೆ ಕಳಿಸೂದು?"

"ಅದು ಬಹಳ ಮುಖ್ಯವಾದ ಪಾತ್ರ, ನೋಡಿ. ಇತಿಹಾಸವೇ ಅಲ್ಲಿಂದ..."

"ಮುಖ್ಯ ಆದ್ರೆ ನಿಮ್ಮ ಮೋನಿಷಾಳೇ ಕೂರ್ಲಿ. ನನ್ನ ಮಗಳು ಹಾಡ್ತಾಳೆ."

ಹಸ್ನಾ ಪ್ರಿನ್ಸಿಪಾಲರ ಬಳಿ ಹೋದರು. ಪ್ರಿನ್ಸಿಪಾಲರು ವಾರಿಜಾಳನ್ನು ಕರೆಸಿ, ಪೋಷಕರನ್ನು ಸಂತೋಷವಾಗಿಡಿ, ಆದರೆ ಕಾರ್ಯಕ್ರಮ ಬದಲಿಸಬೇಡಿ ಎಂದರು. ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆ ಎಂದು ಹೇಳಲಿಲ್ಲ. ಕೊನೆಗೆ ಗೊಂದಲ ಬಗೆಹರಿಸಿದ್ದು ಅಸೀಲಾಳೇ. ತನಗೆ ಈ ಪಾತ್ರವೇ ಬೇಕು, ಇಲ್ಲದಿದ್ದರೆ ನಾಟಕವೇ ಬೇಡ ಎಂದು ತಾಯಿಗೆ ಹೇಳಿದಳಂತೆ. ಯಾಕೆಂದು ವಾರಿಜಾ ಕೇಳಿದ್ದಕ್ಕೆ ಭುಜ ಹಾರಿಸಿ ಹೋದಳು.

ಪೂರ್ತಿ ನಾಟಕವನ್ನು ಮೊದಲ ಸಲ ಒಟ್ಟಿಗೆ ಓಡಿಸಿದಾಗ ಎಪ್ಪತ್ತೊಂದು ನಿಮಿಷ ಹಿಡಿಯಿತು. ಬದ್ರುನ್ನಿಸಾ ಮೇಡಂ ಮುಂದಿನ ಸಾಲಿನಿಂದ ಎದ್ದು, "ನಲವತ್ತು," ಎಂದಷ್ಟೇ ಹೇಳಿ ಹೋದರು. ಮಕ್ಕಳನ್ನು ಬಸ್ಸಿಗೆ ಹತ್ತಿಸಿ ವಾರಿಜಾ ಖಾಲಿ ಸಭಾಂಗಣಕ್ಕೆ ಮರಳಿ ಕುರ್ಚಿಯಲ್ಲಿ ಕುಸಿದಳು. ಹಾಡು ತೆಗೆದರೆ ಮೂವತ್ತು ಹುಡುಗಿಯರ ತಾಯಂದಿರು ಜಗಳಕ್ಕೆ ಬರುತ್ತಾರೆ. ಕುಣಿತ ತೆಗೆದರೆ ಐವತ್ತು ಜನ.

ಮೊಹಿದ್ದೀನಾಕ ಸೆಟ್ಟಿಗೆ ಭಾರವಿಡುವ ಮರಳಿನ ಚೀಲ ಎಳೆದು ಬದಿಗಿಟ್ಟು ಹತ್ತಿರ ಬಂದರು.

"ಅಮೆರಿಕದವ್ರು ನಾಟಕವನ್ನು ಮೊದಲು ನ್ಯೂಯಾರ್ಕಿಗೆ ತರುವುದಿಲ್ಲ ಟೀಚರೇ. ಬೋಸ್ಟನ್, ನ್ಯೂ ಹೇವನ್, ಅಂಥ ಊರಲ್ಲಿ ಆಡಿ ನೋಡ್ತಾರೆ. ಅಲ್ಲಿ ಕತ್ತರಿ ಹಾಕ್ತಾರೆ. ಬರ್ದವನಿಗೆ ಯಾವುದು ಹೆಚ್ಚು ಇಷ್ಟವೋ, ಹೆಚ್ಚಾಗಿ ಅದೇ ಹೋಗುವುದು."

"ಯಾವುದು ತೆಗೀಬೇಕು, ನೇರ ಹೇಳಿ. ಕಥೆ ಬೇಡ."

ಅವರು ಅವಳ ಮಡಿಲಲ್ಲಿದ್ದ ಹನ್ನೊಂದು ಪುಟಗಳ ಕಡೆ ನೋಡಿದರು, ಆಮೇಲೆ ಛಾವಣಿಯ ಕಡೆ.

ವಾರಿಜಾ ಅಂದು ಮನೆಗೆ ಹೋದವಳು ನೇರ ಅಡುಗೆಮನೆಗೆ ನಡೆದಳು. ಯೋಗೀಶ್ ಎರಡು ಸಲ ಚಹಾ ಬೇಕಾ ಎಂದು ಕೇಳಿದ. ಅಡುಗೆಮನೆಯ ಮೇಜಿನ ಮೇಲೆ ಪುಟಗಳನ್ನು ಹರಡಿ, ಕೆಂಪು ಪೆನ್ನು ಹಿಡಿದು, ಮಕ್ಕಳ ಪ್ರಬಂಧ ತಿದ್ದುವಂತೆ ತನ್ನದೇ ಬರಹದ ಮೇಲೆ ಗೆರೆ ಎಳೆಯತೊಡಗಿದಳು. ಮೂರು ವಾರದ ಕೆಲಸ. ಕೊನೆಗೆ ಉಳಿದದ್ದು ಒಂಬತ್ತು ವಾಕ್ಯ. ಮರುದಿನ ಅಳೆದರೆ ನಲವತ್ತೆರಡು ನಿಮಿಷ. ಮತ್ತು, ಅವಳಿಗೆ ಒಪ್ಪಿಕೊಳ್ಳಲು ಮನಸ್ಸಿಲ್ಲದಿದ್ದರೂ, ಮಕ್ಕಳು ಆಕಳಿಸುವುದು ನಿಂತಿತ್ತು.

ವಾರ್ಷಿಕೋತ್ಸವ ಗುರುವಾರ ಸಂಜೆ. ಏಳುನೂರು ಕುರ್ಚಿ ತುಂಬಿ, ಗೋಡೆಗೆ ಒರಗಿ ನಿಂತವರು ಬೇರೆ. ಮುಖ್ಯ ಅತಿಥಿ ದೊಡ್ಡ ಕಂಪೆನಿಯೊಂದರ ಅಧಿಕಾರಿ. ಒಂದು ಗಂಟೆ ತಡವಾಗಿ ಬಂದರು. ಆಮೇಲೆ ಬದ್ರುನ್ನಿಸಾ ಮೇಡಂ ಇಪ್ಪತ್ತೈದು ನಿಮಿಷ ವರದಿ ಓದಿದರು. ಪರದೆಯ ಹಿಂದೆ ಬಣ್ಣ ಹಚ್ಚಿಕೊಂಡ ನೂರಿಪ್ಪತ್ತು ಹುಡುಗಿಯರು ಬೆವರುತ್ತಿದ್ದರು. ಒಬ್ಬಳಿಗೆ ವಾಂತಿ, ಇಬ್ಬರಿಗೆ ಅಳು. ಪ್ಯಾರಿಸಿನ ನರ್ತಕಿಯೊಬ್ಬಳ ಪಾದರಕ್ಷೆ ಕಾಣೆಯಾಗಿತ್ತು. ವಾರಿಜಾ ಒಂದು ಕೈಯಲ್ಲಿ ಸೇಫ್ಟಿ ಪಿನ್ನು, ಇನ್ನೊಂದರಲ್ಲಿ ಪಟ್ಟಿ ಹಿಡಿದು ಓಡಾಡುತ್ತಿದ್ದಳು.

"ಪರದೆ ಎದ್ದ ಮೇಲೆ ಯಾರ ಮಾತು ನಡೀಬೇಕು?" ಎಂದು ಮೊಹಿದ್ದೀನಾಕ ಹಗ್ಗದ ಪಕ್ಕದಲ್ಲಿ ನಿಂತು ಕೇಳಿದರು.

"ಈಗ ಪ್ರಶ್ನೆ ಕೇಳುವ ಹೊತ್ತಾ?"

"ಸ್ಟೇಜ್ ಮ್ಯಾನೇಜರದ್ದು. ಡೈರೆಕ್ಟರನ ಮಾತೂ ನಡೆಯೂದಿಲ್ಲ, ಸಾಹುಕಾರನದ್ದೂ ನಡೆಯೂದಿಲ್ಲ. ರೂತ್ ಮೇಡಮೇ ಬಂದು ಹೇಳಿದ್ರೂ ನಾನು ಹಗ್ಗ ಮುಟ್ಟುತ್ತಿರಲಿಲ್ಲ. ಇವತ್ತು ಆ ಜನ ನೀವು. ನಿಮಗೆ ಗೊತ್ತಿರ್ಲಿ ಅಂತ ಹೇಳಿದ್ದು."

"ಯಾ ಅಲ್ಲಾ, ಯಲ್ಲಾ, ಎಳೀರಿ!" ಎಂದಳು ವಾರಿಜಾ ಅರಬಿ ಬೆರೆಸಿ, ಬ್ರಹ್ಮಾವರದ ಹೆಣ್ಣು.

ಪರದೆ ಎದ್ದಿತು. ಪ್ಯಾರಿಸಿನ ಹುಡುಗಿಯರು ಒಬ್ಬಳು ಬರಿಗಾಲಿನಲ್ಲಿ ಇದ್ದರೂ ಚೆನ್ನಾಗಿ ಕುಣಿದರು. ಊರೂರು ಸುತ್ತುವ ವಿನೋದ ಮಂಡಳಿಗಳ ದೃಶ್ಯದಲ್ಲಿ ಜನ ನಕ್ಕರು. ಇಪ್ಪತ್ತೊಂಬತ್ತನೆಯ ನಿಮಿಷಕ್ಕೆ ದೀಪಗಳು ಇಳಿದವು. ಮತ್ತೆ ಬೆಳಕು ಬಂದಾಗ ರಂಗದ ಮೇಲೆ ಅಸೀಲಾ ಒಬ್ಬಳೇ ಕೂತಿದ್ದಳು.

ಅವಳು ಕೋಲು ಎತ್ತಿದಳು, ಇಳಿಸಿದಳು. ನೀರಿನ ಭಾರಕ್ಕೆ ಪೀಪಾಯಿಯೊಳಗಿನಿಂದ ಗುಳುಂ ಎಂಬ ಸದ್ದು ಬಂತು. ಮತ್ತೆ ಎತ್ತಿದಳು, ಇಳಿಸಿದಳು. ಇಷ್ಟು ಹೊತ್ತು ಕುಣಿತಕ್ಕೆ ಚಪ್ಪಾಳೆ ತಟ್ಟಿದ್ದ ಜನ ಮುಂದೇನು ಎಂದು ಕಾದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮಗುವೊಂದು ಗಟ್ಟಿಯಾಗಿ, "ಮಮ್ಮಿ, ಮುಗೀತಾ?" ಎಂದಿತು. ಮುಖ್ಯ ಅತಿಥಿ ಕೈಗಡಿಯಾರ ನೋಡಿಕೊಂಡರು. ಅವರಿಗೆ ಜಿದ್ದಾಕ್ಕೆ ವಿಮಾನವಿತ್ತು. ಬಹುಮಾನ ವಿತರಣೆ ಇನ್ನೂ ಬಾಕಿ.

ಪಕ್ಕದ ಬಾಗಿಲಿನಿಂದ ಬದ್ರುನ್ನಿಸಾ ಮೇಡಂ ರೇಷ್ಮೆ ಸೀರೆ ಎತ್ತಿ ಹಿಡಿದು ಧಾವಿಸಿ ಬಂದರು.

"ಸಾಕು. ಪರದೆ ಹಾಕಿ. ಅತಿಥಿಗಳು ಹೊರಡಬೇಕು."

ಮೊಹಿದ್ದೀನಾಕ ಹಗ್ಗ ಹಿಡಿದೇ ಇದ್ದರು. ಎಳೆಯಲಿಲ್ಲ.

"ಕೇಳಿಸಲಿಲ್ವಾ? ಪರದೆ ಹಾಕಿ!"

"ಟೀಚರ್ ಹೇಳ್ಬೇಕು ಮೇಡಂ," ಎಂದರು ಮೊಹಿದ್ದೀನಾಕ ಮೆಲ್ಲಗೆ, ಹಿಂದಿಯಲ್ಲಿ.

ಬದ್ರುನ್ನಿಸಾ ಮೇಡಂ ವಾರಿಜಾಳ ಕಡೆ ತಿರುಗಿದರು. ಅತ್ತ ಬೆಳಕಿನಲ್ಲಿ ಅಸೀಲಾ ಭಾರದ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಎತ್ತುತ್ತಿದ್ದುದು ವಾರಿಜಾಳಿಗೆ ಕಾಣಿಸಿತು. ಹುಡುಗಿ ನಿಲ್ಲಿಸಲಿಲ್ಲ. ಹಾಡು ಶುರುಮಾಡಬೇಕಾದ ಮೋನಿಷಾ ಎದುರಿನ ಬದಿಯಲ್ಲಿ, ಪರದೆಯ ಮರೆಯಲ್ಲಿ ನಿಂತು ವಾರಿಜಾಳ ಸನ್ನೆಗೆ ಕಾಯುತ್ತಿದ್ದಳು. ಮೂರು ತಿಂಗಳಿನಿಂದ ಈ ಮೇಡಂ, ಆ ತಾಯಿ, ವಾಚ್‌ಮನ್, ಅಜ್ಜಿಯ ಮಂಡಿ, ಈ ಮುದುಕನ ಖಲಾಸಿಗಳು, ಎಲ್ಲರ ಮಾತೂ ಕೇಳಿ ಕೇಳಿ ವಾರಿಜಾಳ ತಲೆಯಲ್ಲಿ ಜಾಗವೇ ಉಳಿದಿರಲಿಲ್ಲ.

"ಇಲ್ಲ," ಎಂದಳು.

"ಏನು?"

"ಇಲ್ಲ ಮೇಡಂ. ಇನ್ನೂ ಹದಿಮೂರು ನಿಮಿಷ ಇದೆ. ಪರದೆ ಬೀಳೂದಿಲ್ಲ."

ಇಷ್ಟು ಹೇಳಿ ಅವಳು ಪ್ರಿನ್ಸಿಪಾಲರಿಗೆ ಬೆನ್ನು ಹಾಕಿ ರಂಗದ ಕಡೆ ತಿರುಗಿದಳು. ಮೋನಿಷಾಳಿಗೆ ಸನ್ನೆ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ಆಮೇಲೆ ಅವಳಿಗೂ ಹೇಳಲಾಗಲಿಲ್ಲ. ಇನ್ನೂ ಸ್ವಲ್ಪ ಬೇಕು ಎನ್ನಿಸಿತು, ಅಷ್ಟೇ. ಕೋಲು ಎದ್ದಿತು, ಇಳಿಯಿತು. ನಗು ನಿಂತಿತು. ಕುರ್ಚಿಗಳ ಕಿರುಗುಟ್ಟುವಿಕೆ ನಿಂತಿತು. ಯಾರೋ ಫೋನನ್ನು ಕೆಳಗಿಳಿಸಿದರು, ಪಕ್ಕದವರೂ ಇಳಿಸಿದರು. ಏಳುನೂರು ಜನರ ಸಭಾಂಗಣದಲ್ಲಿ ನೀರಿನ ಗುಳುಂ ಸದ್ದು ಕೊನೆಯ ಸಾಲಿನವರೆಗೆ ಕೇಳುವಷ್ಟು ಮೌನವಾಯಿತು. ಇಲ್ಲಿ ಎಷ್ಟೋ ಜನರ ತಾಯಂದಿರು ಎಲ್ಲೆಲ್ಲೋ ಹೀಗೆ ಕೂತು ಕೆಲಸ ಮಾಡಿದವರು. ಹಾಗೆಂದು ಯಾರೂ ಹೇಳಬೇಕಾಗಿರಲಿಲ್ಲ.

ಆಗ ವಾರಿಜಾ ಕೈಯೆತ್ತಿದಳು. ಮರೆಯಿಂದ ಮೋನಿಷಾಳ ದನಿ ಬಂತು, ಯಾವ ವಾದ್ಯವೂ ಇಲ್ಲದೆ.

ಮುಖ್ಯ ಅತಿಥಿ ಎರಡು ನಿಮಿಷದ ನಂತರ ಎದ್ದು ಹೋದರು, ವಿಮಾನ ಕಾಯುವುದಿಲ್ಲವಲ್ಲ. ಬಹುಮಾನಗಳನ್ನು ಕೊನೆಗೆ ವೈಸ್ ಪ್ರಿನ್ಸಿಪಾಲ್ ಕೊಟ್ಟರು. ನಾಟಕ ಪೂರ್ತಿ ಆಯಿತು. ಚಪ್ಪಾಳೆ ಜೋರಾಗಿ ಬಿತ್ತು. ಪರದೆ ಇಳಿದ ಮೇಲೆ ಅಸೀಲಾ ಭುಜ ತಿಕ್ಕಿಕೊಳ್ಳುತ್ತಾ ಬಂದು, "ಮಿಸ್, ದೇ ವರ್ ಲಿಸನಿಂಗ್. ಟು ನಥಿಂಗ್!" ಎಂದಳು. ಅವಳ ಮುಖ ಉರಿಯುವ ಹಾಗಿತ್ತು. ಹಿಂದಿನಿಂದಲೇ ಬಂದ ಹಸ್ನಾ, "ಲೈಟ್ ಕಮ್ಮಿ ಇತ್ತು ಟೀಚರ್, ವಿಡಿಯೋದಲ್ಲಿ ಮುಖವೇ ಬರ್ಲಿಲ್ಲ," ಎಂದು ಹೇಳಿ ಮಗಳ ಕೈ ಹಿಡಿದು ಕರೆದುಕೊಂಡು ಹೋದರು.

ಭಾನುವಾರ ಮೇಜಿನ ಮೇಲೆ ಮೆಮೊ ಕಾದಿತ್ತು. ಮೇಲಧಿಕಾರಿಯ ಸೂಚನೆ ಉಲ್ಲಂಘನೆ, ಗಣ್ಯ ಅತಿಥಿಗೆ ಅಗೌರವ, ಎರಡು ದಿನದೊಳಗೆ ಲಿಖಿತ ವಿವರಣೆ. ಯೋಗೀಶ್ ಫೋನಿನಲ್ಲೇ ಹೇಳಿದ: "ಸಾರಿ ಅಂತ ಬರ್ದು ಕೊಡು ಮಾರಾಯ್ತಿ. ಒಂದು ಸಾಲು. ಮುಗೀತದೆ."

ವಾರಿಜಾ ಒಂದೇ ಸಾಲು ಬರೆದಳು. ಆದರೆ ಅದು ಸಾರಿ ಆಗಿರಲಿಲ್ಲ. ನಾಟಕ ನಲವತ್ತೆರಡು ನಿಮಿಷದ್ದು, ಇಪ್ಪತ್ತೊಂಬತ್ತನೆಯ ನಿಮಿಷದಲ್ಲಿ ಅದು ಮುಗಿದಿರಲಿಲ್ಲ ಎಂದು ಬರೆದು ಸಹಿ ಹಾಕಿದಳು.

ಬದ್ರುನ್ನಿಸಾ ಮೇಡಂ ಅದನ್ನು ಓದಿ, ಕನ್ನಡಕ ತೆಗೆದು, ಹತ್ತು ನಿಮಿಷ ಬೈದರು. ವಾರಿಜಾ ನಿಂತು ಕೇಳಿಸಿಕೊಂಡಳು. ಬೈಗುಳ ಮುಗಿದ ಮೇಲೆ ಮೇಡಂ, ಮುಂದಿನ ವರ್ಷ ನಿಮಗೆ ಸಾಂಸ್ಕೃತಿಕ ಸಮಿತಿಯಲ್ಲಿ ಜಾಗವಿಲ್ಲ ಎಂದರು. "ಥ್ಯಾಂಕ್ಯೂ ಮೇಡಂ," ಎಂದು ವಾರಿಜಾ ಹೊರಗೆ ಬಂದಳು. ಹೊರಗೆ ಬಂದ ಮೇಲೆಯೇ ಆ ಮಾತು ಎಷ್ಟು ಹೃದಯಪೂರ್ವಕವಾಗಿ ಬಂದಿತ್ತು ಎಂದು ಅವಳಿಗೆ ಹೊಳೆದದ್ದು. ಕಾರಿಡಾರಿನಲ್ಲಿ ನಡೆಯುವಾಗ, ವಿಚಿತ್ರವೆಂದರೆ, ಸ್ವಲ್ಪ ಬೇಜಾರೂ ಆಯಿತು.

ಮೊಹಿದ್ದೀನಾಕರಿಗೆ ಮೆಮೊ ಬರಲಿಲ್ಲ. ಅವರ ವಾಸದ ಪರವಾನಗಿ ಇಕಾಮಾ ಮುಂದಿನ ತಿಂಗಳು ಮುಗಿಯುತ್ತಿತ್ತು, ನವೀಕರಿಸುವುದಿಲ್ಲ ಎಂದು ಶಾಲೆ ಮೊದಲೇ ಹೇಳಿತ್ತು. ಊರಿಗೆ ಹೋಗುವವನಿಗೆ ಮೆಮೊ ಕೊಟ್ಟು ಪ್ರಯೋಜನವಿಲ್ಲ.

ಮಧ್ಯಾಹ್ನ ವಾರಿಜಾ ಆಡಿಟೋರಿಯಂಗೆ ಹೋದಾಗ ಅವರು ಸೆಟ್ಟು ಬಿಚ್ಚುತ್ತಿದ್ದರು. ಬೆಳಗ್ಗಿನಿಂದ ಸ್ಟಾಫ್ ರೂಮಿನಲ್ಲಿ ಎಲ್ಲರೂ ಅವಳ ಕೈ ಕುಲುಕಿದ್ದರು. ಇವರೂ ಏನಾದರೂ ಒಳ್ಳೆಯ ಮಾತಾಡಬಹುದು ಎಂದುಕೊಂಡಳು.

"ಕೂತ್ಕೊಳ್ಳಿ ಟೀಚರೇ," ಎಂದರು. "ಶೋ ಆದ ಮೇಲೆ ನೋಟ್ಸ್ ಉಂಟಲ್ಲ? ರೂತ್ ಮೇಡಂ ಒಂದು ಸಲವೂ ಬಿಟ್ಟದ್ದಿಲ್ಲ."

"ಎಂತ ನೋಟ್ಸ್?"

ಅವರು ಪ್ಲೈವುಡ್ಡಿನ ತುಂಡೊಂದನ್ನು ಬೆಳಕಿಗೆ ಹಿಡಿದರು. ಅದರ ತುಂಬ ಬಡಗಿಯ ದಪ್ಪ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದಿತ್ತು. ಐದನೆಯ ಕ್ಲಾಸಿನವರೆಗೆ ಓದಿದವರ ದುಂಡಗಿನ ಅಕ್ಷರ.

"ಒಂದು. ಎರಡನೇ ಹಾಡಿನಲ್ಲಿ ನೀಲಿ ಲೈಟು ತಡ. ಎರಡು. ಬಲಗಡೆಯ ಮೂರು ಮಕ್ಕಳು ಸಭೆಯನ್ನು ನೋಡಿ ಕೈಬೀಸಿದ್ರು. ಮೂರು. ಪೀಪಾಯಿಯ ಬುಡಕ್ಕೆ ಬಟ್ಟೆ ಹಾಕ್ಬೇಕಿತ್ತು, ನೀರು ಚೆಲ್ಲಿತು. ಅದು ನನ್ನ ತಪ್ಪು."

"ಮೊಹಿದ್ದೀನಾಕ, ಮುಗೀತಲ್ಲ ಮಾರಾಯ್ರೇ! ಇನ್ನೊಂದು ಶೋ ಇಲ್ಲ. ನೀವು ಊರಿಗೆ ಹೋಗ್ತೀರಿ. ನನ್ನನ್ನು ಸಮಿತಿಯಿಂದ ತೆಗ್ದಾಯ್ತು. ಇದೆಲ್ಲ ಯಾರಿಗೆ?"

ಅವರು ತಲೆಯೆತ್ತಲಿಲ್ಲ. "ನಾಲ್ಕು. ಪ್ರಿನ್ಸಿಪಾಲರಿಗೆ ನೀವು ಇಲ್ಲ ಅಂತ ಹೇಳಿದ್ದು ಮೂರನೇ ಸಾಲಿನ ತನಕ ಕೇಳಿದೆ. ನಾನು ಕೇಳಿ ನೋಡಿದೆ, ಅಲ್ಲಿ ಕೂತವರನ್ನು. ರಂಗದ ಬದಿಯಲ್ಲಿ ನಿಂತು ಅಷ್ಟು ಜೋರು ಮಾತಾಡ್ಬಾರದು ಟೀಚರೇ. ಸಣ್ಣಕ್ಕೆ ಹೇಳಿದ್ರೂ ಆಗ್ತಿತ್ತು."

ವಾರಿಜಾ ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು, ಬೇರೆ ಕಾಗದ ಸಿಗದೆ ಮೆಮೊದ ಹಿಂಬದಿಯಲ್ಲೇ ಬರೆಯತೊಡಗಿದಳು.

"ಐದು?" ಎಂದಳು ಸಿಡುಕಿನಿಂದಲೇ.

"ಐದು. ಮೋನಿಷಾ ಹಾಡು ಶುರು ಮಾಡುವ ಮೊದಲು ನೀವು ಕಾದದ್ದು." ಮೊಹಿದ್ದೀನಾಕ ಪ್ಲೈವುಡ್ಡನ್ನು ಸ್ವಲ್ಪ ದೂರ ಹಿಡಿದು ಓದಿದರು. "ಇನ್ನು ನಾಲ್ಕು ಸೆಕೆಂಡು ಕಾಯಬಹುದಿತ್ತು."

"ನಾಲ್ಕಾ?"

"ನಾಲ್ಕು. ಐದಾದ್ರೆ ಜಾಸ್ತಿ." ಅವರು ತುಂಡನ್ನು ಮಗುಚಿದರು. "ಈಚೆ ಬದಿಯಲ್ಲೂ ಉಂಟು. ಬರೀರಿ."